ಸಾರಕ್ಕಿ ಮನೆಯ ಬೂಟುಗಳು

ನೀಲಿ ಚುಕ್ಕೆ ಮತ್ತೆ ಸಾರಕ್ಕಿಯಲ್ಲೇ ನಿಂತಿತು.

ಭಾರ್ಗವ ಫೋನಿನ ಪರದೆಯ ಮೇಲಿನ ನಕ್ಷೆಯನ್ನು ಹಿಗ್ಗಿಸಿದ. ಮಾರುಕಟ್ಟೆಯ ಹಿಂದಿನ ಅಡ್ಡರಸ್ತೆ, ಅದೇ ಮನೆ. ಚುಕ್ಕೆ ಹೆಂಡತಿ ಸುರಭಿಯ ಫೋನಿನದು. ಹೊರಡುವಾಗ ಅವಳು ಹೇಳಿದ್ದು ಬೇರೆ. "ತನ್ಮಯಿ ಮನೇಲಿ ಕೂತ್ಕೊಂಡು ರೂಟ್ ಫೈನಲ್ ಮಾಡ್ತೀವಿ." ಗೆಳತಿ ತನ್ಮಯಿಯ ಮನೆ ಇರುವುದು ಬಿಟಿಎಂ ಲೇಔಟಿನಲ್ಲಿ.

ಜಯನಗರದ ಅವರ ಊಟದ ಮೇಜನ್ನು ಕೆಲವು ತಿಂಗಳಿಂದ ಆಲ್ಪ್ಸ್ ಪರ್ವತ ಆಕ್ರಮಿಸಿತ್ತು. ಭೂಪಟ ಸುರುಳಿ ಸುತ್ತಿಕೊಳ್ಳದಿರಲೆಂದು ಮೂಲೆಗಳಲ್ಲಿ ಉಪ್ಪಿನಕಾಯಿ ಜಾಡಿ, ಸ್ಟೀಲ್ ಲೋಟ. ಸುಲಭದ ದಾರಿಗಳನ್ನು ಸುರಭಿ ಬೇಕೆಂದೇ ಬಿಡುತ್ತಿದ್ದಳು. ಕೇಬಲ್ ಕಾರ್ ಇದ್ದಲ್ಲಿ ಕಾಲುದಾರಿ. ಕಣಿವೆಯಲ್ಲಿ ಬಸ್ಸಿದ್ದಲ್ಲಿ ಬಂಡೆಗೆ ಬಡಿದ ಕಬ್ಬಿಣದ ಏಣಿ. ಹಿಮದ ಅಂಚಿನ ತಂಗುಮನೆಗಳಲ್ಲಿ ಮಲಗುವ ಜಾಗವನ್ನು ಆಗಲೇ ಕಾದಿರಿಸಿದ್ದಳು. ಬೆನ್ನುಚೀಲದಲ್ಲಿ ರಾಗಿಹಿಟ್ಟಿನ ಚೀಲವಿಟ್ಟುಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದಳು. ಭಾನುವಾರ ಬಂದರೆ ತುರಹಳ್ಳಿಯ ಬಂಡೆಗಳು.

"ಅಲ್ಲಿ ಬಸ್ಸಿದೆಯಲ್ಲ, ಏಣಿ ಯಾಕೆ?" ಎಂದು ಭಾರ್ಗವ ಒಮ್ಮೆ ಕೇಳಿದ್ದ.

"ಬಸ್ಸಲ್ಲಿ ಹೋಗೋಕೆ ಬನಶಂಕರಿ ಇದೆ."

"ಹತ್ತಿದ್ಮೇಲೆ ಅದೇ ದಾರೀಲಿ ವಾಪಸ್ ಬರೋದಾ?"

"ಇಲ್ಲ. ಆ ಕಡೆಗೇ ಇಳಿಯೋದು."

"ಜೊತೇಲಿ ಯಾರ್ಯಾರು?"

ಭೂಪಟದ ಮೇಲೆ ಸಾಗುತ್ತಿದ್ದ ಪೆನ್ಸಿಲ್ ನಿಂತಿತು. "ತನ್ಮಯಿ. ಎಷ್ಟು ಸಲ ಹೇಳ್ಲಿ? ಒಂದು ಕೆಲಸ ಮಾಡು ಭಾರ್ಗವ. ಛತ್ರದಲ್ಲಿ ಅದಲುಬದಲಾಗತ್ತೆ ಅಂತ ನಿನ್ನ ಚಪ್ಪಲಿಗೆಲ್ಲ ನನ್ನ ನೇಲ್ ಪಾಲಿಶಲ್ಲಿ ಕೆಂಪು ಬೊಟ್ಟು ಇಡ್ತೀಯಲ್ಲ, ನನಗೂ ಒಂದು ಇಟ್ಬಿಡು. ಯಾರೂ ಹೊತ್ಕೊಂಡು ಹೋಗಲ್ಲ."

ಭಾರ್ಗವ ನಗಲಿಲ್ಲ. ಹಿಂದೆ ಅವಳ ಬ್ಯಾಡ್ಮಿಂಟನ್ ಕೋಚ್ ವಿಷಯದಲ್ಲಿ ಅನುಮಾನಪಟ್ಟು ಎಡವಿದ್ದ. ಅವಳ ಆಫೀಸಿನ ಯುವರಾಜ್ ವಿಷಯದಲ್ಲೂ. ಎರಡು ಸಲವೂ ಕ್ಷಮೆ ಕೇಳಿದ್ದ. "ಇನ್ನೊಂದು ಸಲ ನನ್ನ ಹಿಂದೆ ಬಂದ್ರೆ ನಾನು ಈ ಮನೇಲಿ ಇರಲ್ಲ" ಎಂದು ಅವಳು ಸಮಾಧಾನದಿಂದಲೇ ಹೇಳಿದ್ದಳು. ಆದ್ದರಿಂದ ಈ ಸಲ ಊಹೆ ಸಾಲದು, ಸಾಕ್ಷ್ಯ ಬೇಕು. ತಪ್ಪಿದರೆ ಸಂಸಾರವೇ ಹೋಗುತ್ತದೆ.

ಸಾಕ್ಷ್ಯ ಸಿಕ್ಕಿತ್ತು. ಸಾರಕ್ಕಿಯ ಆ ಮನೆಯ ಎದುರಿಗೊಂದು ಬೇಕರಿ. ಅಲ್ಲಿ ಟೀ ಹಿಡಿದು ನಿಂತರೆ ಮೊದಲ ಮಹಡಿಯ ಬಾಗಿಲು ಕಾಣುತ್ತದೆ. ಹೊಸ್ತಿಲಾಚೆ ಸುರಭಿಯ ಬೂಟು. ಪಕ್ಕದಲ್ಲಿ ಇನ್ನೊಂದು ಜೊತೆ. ಗಂಡಸಿನದು, ಬೆಟ್ಟ ಹತ್ತುವಂಥದ್ದು, ಕಣ್ಣಿಗೆ ಹೊಡೆಯುವ ಕೆಂಪು ಲೇಸಿನದು. ಗಾತ್ರ ನೋಡಿದರೆ ಆಸಾಮಿ ತನ್ನಷ್ಟೇ ಎತ್ತರದವನು. ಅವಳ ಅಭಿರುಚಿಯೇನೂ ಬದಲಾಗಿಲ್ಲ ಎಂದುಕೊಂಡಾಗ ಬಾಯಲ್ಲಿದ್ದ ಟೀ ಕಹಿಯಾಯಿತು.

ಯಾವ ಹೊತ್ತಿಗೆ ಹೋದರೂ ಆ ಬೂಟು ಅಲ್ಲೇ. ಮನೆ ಬಿಟ್ಟು ಕದಲದ ಸೋಮಾರಿ. ತುರಹಳ್ಳಿಯಲ್ಲಿ ಮಳೆ ಸುರಿದ ಭಾನುವಾರ ಸುರಭಿಯ ಬೂಟಿಗೆ ಕೆಮ್ಮಣ್ಣು ಮೆತ್ತಿತ್ತು. ಅದರ ಪಕ್ಕದ್ದಕ್ಕೆ ಒಂದು ಹನಿ ಕೆಸರಿಲ್ಲ. ಅಂದರೆ ಅವಳು ಬೆಟ್ಟ ಹತ್ತಿ ಬರುವವರೆಗೆ ಅವನು ಒಳಗೇ ಕಾಯುತ್ತಾನೆ. ಅವಳ ಕಾಲಿಗೆ ಬಿಸಿನೀರು ಕಾಯಿಸಿಡುತ್ತಾನೆ. ಭಾರ್ಗವ ಎಂದೂ ಕಾಯಿಸಿಟ್ಟಿರಲಿಲ್ಲ.

ಇನ್ನೂ ಆಳಕ್ಕೆ ನಾಟಿದ್ದು ಬೇರೆ. ಆಲ್ಪ್ಸಿನ ಹುಚ್ಚು ಮೊದಲು ಹಿಡಿದದ್ದು ಭಾರ್ಗವನಿಗೆ. ಮದುವೆಯಾದ ವರ್ಷ ಅದಕ್ಕೆಂದೇ ಬೇಕಾದ್ದನ್ನೆಲ್ಲ ಕೊಂಡಿದ್ದ. ಡಬ್ಬಿಗಳು ಇವತ್ತಿಗೂ ಅಟ್ಟದ ಮೇಲೆ ಸಾಲಾಗಿ ಕೂತಿವೆ. ಒಂದು ವರ್ಷ ಆಫೀಸು, ಇನ್ನೊಂದು ವರ್ಷ ಮಂಡಿನೋವು. ಈಗ ಅವನ ಹೆಂಡತಿಯೊಂದಿಗೆ, ಅವನ ಪರ್ವತವನ್ನು, ಕೆಂಪು ಲೇಸಿನವನು ಹತ್ತಲಿದ್ದಾನೆ.

ಇವತ್ತು ಭಾರ್ಗವ ಟೀ ಕುಡಿಯಲಿಲ್ಲ. ನೇರವಾಗಿ ರಸ್ತೆ ದಾಟಿ ಮೆಟ್ಟಿಲು ಹತ್ತಿದ.

ಬಾಗಿಲಿಗೆ ಬೀಗ. ಫೋನು ನೋಡಿದ, ನೀಲಿ ಚುಕ್ಕೆ ಆಗಲೇ ಜಯನಗರದ ಕಡೆಗೆ ಜಾರುತ್ತಿತ್ತು. ಆದರೆ ಗಂಡಸಿನ ಬೂಟು ಇದ್ದಲ್ಲೇ ಇತ್ತು. ಬರಿಗಾಲಲ್ಲಿ ಹೋದನೇ? ಎಷ್ಟೋ ದಿನಗಳ ಉರಿ ಒಮ್ಮೆಲೇ ಕೈಗಿಳಿಯಿತು. ರಸ್ತೆಗೆ ಎಸೆಯಲೆಂದು ಒಂದು ಬೂಟನ್ನು ಎತ್ತಿದ.

"ಯಾರ್ರೀ ಅದು? ಅದನ್ನ ಮುಟ್ಟಬೇಡಿ!"

ಹಣೆ ತುಂಬ ವಿಭೂತಿಯ ಮುದುಕರೊಬ್ಬರು ಕೆಳಗಿನಿಂದ ಏದುಸಿರು ಬಿಡುತ್ತ ಬಂದರು. ಮನೆಯ ಮಾಲೀಕ ಏಕಾಂತಯ್ಯ.

"ಇದರ ಯಜಮಾನ ಎಲ್ಲಿ?" ಭಾರ್ಗವ ಗುಡುಗಿದ.

"ಯಾವ ಯಜಮಾನ ಸಾರ್? ಮೇಡಂ ಒಬ್ರೇ. ಬಾಡಿಗೆಗೆ ಹಿಡಿದಿದ್ದಾರೆ, ಅರ್ಧ ಸಾಮಾನೂ ಬಂತು. ಫಾರಿನ್ ಬೆಟ್ಟ ಹತ್ತಿ ವಾಪಸ್ ಬಂದ್ಮೇಲೆ ಸೀದಾ ಇಲ್ಲಿಗೇ ಬಂದು ಇರ್ತಾರಂತೆ." ಏಕಾಂತಯ್ಯ ಗೋಡೆಗೆ ಒರಗಿ ಸುಧಾರಿಸಿಕೊಂಡರು. "ಹೆಣ್ಣುಮಗಳು ಒಬ್ಳೇ ಇದಾಳೆ ಅಂತ ಗೊತ್ತಾದ್ರೆ ಕಂಡಕಂಡೋರೆಲ್ಲ ಬಾಗಿಲು ತಟ್ತಾರೆ. ಗಂಡಸ್ರ ಜೋಡು ಒಂದು ಹೊರಗಿಡಮ್ಮ, ಅದೇ ಕಾವಲು ಅಂತ ನಾನೇ ಹೇಳ್ದೆ. ಎಲ್ಲಿಂದಲೋ ಇದನ್ನ ತಂದ್ರು. ಲೇಸು ಮಾತ್ರ ಹೊಸದು, ದೂರಕ್ಕೆ ಕಾಣ್ಲಿ ಅಂತ."

ಭಾರ್ಗವನ ಕೈ ಗಾಳಿಯಲ್ಲೇ ನಿಂತಿತು.

"ಇಟ್ಟಿದ್ದು ಒಳ್ಳೇದೇ ಆಯ್ತು ನೋಡಿ," ಮುದುಕರು ದನಿ ತಗ್ಗಿಸಿದರು. "ಎದುರು ಬೇಕರೀಲಿ ಯಾವನೋ ನಿಂತ್ಕೊಂಡು ಮೇಲೇ ನೋಡ್ತಿರ್ತಾನಂತೆ. ನನ್ನ ಕಣ್ಣಿಗೆ ಅಷ್ಟು ದೂರ ಕಾಣಲ್ಲ, ಮೇಡಂ ನೋಡಿದ್ದಾರೆ. ಈ ಬೂಟಿಗೆ ಹೆದರಿ ಅವನು ಇಷ್ಟು ದಿನ ಮೆಟ್ಟಿಲು ಹತ್ತಿಲ್ಲ. ಅದಿರ್ಲಿ, ನೀವು ಯಾರು ಅಂತ ಹೇಳ್ಲಿಲ್ಲ?"

ಭಾರ್ಗವ ತಲೆ ತಗ್ಗಿಸಿದ. ಬೂಟು ಅವನ ಅಂಗೈಯಲ್ಲಿ ಮಗುಚಿಕೊಂಡಿತ್ತು.

ಒಮ್ಮೆಯೂ ಬೆಟ್ಟ ಕಾಣದ, ಚೂರೂ ಸವೆಯದ ಅದರ ಅಡಿಯಲ್ಲಿ, ಹಿಮ್ಮಡಿಯ ಬಳಿ, ಅವನದೇ ಕೈಯ ಕೆಂಪು ಬೊಟ್ಟು.