ಬೆಟ್ಟದ ಲಕ್ಕಿ, ಕೆರೆಯ ಲಕ್ಕಿ

ಗಿಡ ಒಂದೇ ಆದರೂ ಬೆಟ್ಟದ ಕಲ್ಲುನೆಲದ ಲಕ್ಕಿ ಸೊಪ್ಪಿನ ಎಣ್ಣೆ ಮೂಗಿಗೆ ಹೊಡೆಯುವಷ್ಟು ಘಾಟು. ಕೆರೆ ಏರಿಯದು ನೀರು ಕುಡಿದು ಕುಡಿದು ಸಪ್ಪೆ. ಎರಡನ್ನೂ ಒಂದೇ ಹಂಡೆಯಲ್ಲಿ ಬಟ್ಟಿ ಇಳಿಸಿದರೆ ಎಣ್ಣೆ ಕೆಟ್ಟ ಹಾಗೆಯೇ. ಬೆಟ್ಟದ ಸೊಪ್ಪಿಗೆ ಕೂಲಿ ಜಾಸ್ತಿಯಾದ್ದರಿಂದ ಹೊತ್ತು ತಂದವರೆಲ್ಲ ಬೆಟ್ಟದ್ದೇ ಅನ್ನುತ್ತಿದ್ದರು. ಅದಕ್ಕೇ ಮೂಸಿ ಬೇರೆ ಮಾಡಲು ಮೂಡ್ಲಯ್ಯನನ್ನು ಇಟ್ಟುಕೊಂಡಿದ್ದರು.

“ನಿಂಗೆ ವಾಸನೇನೇ ತಿಳಿಯಲ್ವಂತೆ. ನಿಜ ಆದ್ರೆ ನಾಳೆಯಿಂದ ಬರಬೇಡ,” ಎಂದು ಎಣ್ಣೆ ಬಟ್ಟಿಯ ಯಜಮಾನಿ ಅವನ ಕಣ್ಣಿಗೆ ಟವೆಲ್ ಕಟ್ಟಿಸಿ ಕೂರಿಸಿದಳು.

ಸಾಕಮ್ಮ ಬಂದು ಹೊರೆ ಇಳಿಸಿದಳು. “ಏನ್ ಮೂಡ್ಲಣ್ಣ, ಕಣ್ಣಾಮುಚ್ಚಾಲೆ ಆಡೋ ವಯಸ್ಸಾ ನಿಂದು? ನಮ್ಮ ಸೊಸೆ ಬೆಳಗ್ಗೆ ಏನಂದ್ಲು ಗೊತ್ತಾ? ಅದಿರ್ಲಿ, ಇದು ಬೆಟ್ಟದ್ದೇ ಕಣಣ್ಣ.”

ಅವನು ಮೂಸಿ, ದಣಿದ ದನಿಯಲ್ಲಿ “ಕೆರೇದು” ಎಂದ.

ಹಿಂದೆಯೇ ಪುಟ್ಟಲಕ್ಷ್ಮಿ ಹೊರೆ ಇಳಿಸಿ ಗೋಡೆಗೆ ಒರಗಿದಳು. “ಒಂದು ಚೊಂಬು ನೀರು ಕೊಡ್ರವ್ವ.”

ಅದನ್ನೂ ಮೂಸಿ “ಬೆಟ್ಟದ್ದು” ಎಂದ.

ಇಬ್ಬರೂ ಬಂದ ದಾರಿಯನ್ನು ಕಿಟಕಿಯಿಂದ ನೋಡಿಕೊಂಡಿದ್ದ ಯಜಮಾನಿ, “ಎರಡೂ ಸರಿ” ಎಂದು ಟವೆಲ್ ಬಿಚ್ಚಿಸಿ ಒಳಗೆ ಹೋದಳು. ಸಾಕಮ್ಮ ಗೊಣಗುತ್ತ ಹೊರಟಳು.

ಪುಟ್ಟಲಕ್ಷ್ಮಿ ನೀರು ಕುಡಿದು ಅವನ ಪಕ್ಕ ಕೂತಳು. “ಅಲ್ಲಣ್ಣ, ಮೊನ್ನೆ ನಿನ್ನ ಪಕ್ಕದಲ್ಲೇ ಸಾರು ಸೀದು ಕರಕಲಾದ್ರೂ ನಿಂಗೆ ತಿಳೀಲಿಲ್ಲ. ಇದು ಹೆಂಗೆ ತಿಳೀತು?”

“ವಾಸನೆ ಹೋದ ಸಲ ಬಂದ ಜ್ವರದಲ್ಲೇ ಹೋಯ್ತು ಕಣಮ್ಮ. ಕೆರೆಯಿಂದ ಬರೋರು ಮೊದ್ಲು ಮಾತಾಡ್ತಾರೆ. ಬೆಟ್ಟದಿಂದ ಬರೋರು ಮೊದ್ಲು ನೀರು ಕೇಳ್ತಾರೆ.”