ಸಾಗವಾನಿ ಚೌಕಟ್ಟು

ಕೊಡಲಿಯ ಮೊದಲ ಏಟು ಬಾಗಿಲ ಚೌಕಟ್ಟಿಗೆ ಬಿತ್ತು. ಇನ್ನೂ ಹಸಿಯಿದ್ದ ಹೊಸ ಗೋಡೆಯಿಂದ ಮಣ್ಣು ಉದುರಿತು.

“ನಮ್ಮಪ್ಪ ಮಾಡಿಸಿದ ಚೌಕಟ್ಟ ಇದು! ಯಾರಪ್ಪಂದಂತ ಹಚ್ಚಿದಿ?” ಕಲ್ಲಣ್ಣ ಮತ್ತೆ ಕೊಡಲಿ ಎತ್ತಿದ.

ಮನೆಯ ಯಜಮಾನ ಸಾತಲಿಂಗಪ್ಪ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. “ಹೊಳಿ ತಂದು ಹಾಕಿದ್ದು. ಹಗೂರ ಮಾತಾಡು. ಒಳಗ ನಮ್ಮ ಸೋದರತ್ತಿ ಮಲಗ್ಯಾಳ.”

ಭೀಮಾ ನದಿಯ ಪ್ರವಾಹ ಇಳಿದ ಮೇಲೆ ದಂಡೆಯ ಊರುಗಳೆಲ್ಲ ಎತ್ತರದ ಮಾಳಕ್ಕೆ ಏರಿ ಹೊಸದಾಗಿ ಗೋಡೆ ಎಬ್ಬಿಸುತ್ತಿದ್ದವು. ತೇಲಿ ಬಂದ ಮರವನ್ನು ಸಿಕ್ಕವರು ಬಳಸುವುದು ಅಲ್ಲಿ ತಪ್ಪಲ್ಲ. ಆದರೆ ಈ ಸಾಗವಾನಿಯ ಮೇಲೆ ಕೆತ್ತಿದ ಜೋಡಿ ನವಿಲನ್ನು ಕಲ್ಲಣ್ಣ ನಿನ್ನೆ ಕರಜಗಿಗೆ ಹೋಗುವ ಎಸ್‌ಟಿ ಬಸ್ಸಿನ ಕಿಟಕಿಯಿಂದಲೇ ಗುರುತಿಸಿದ್ದ. ಇಂದು ಕೊಡಲಿ ಹಿಡಿದು ಬಂದಿದ್ದ.

ಓಣಿ ಕೂಡಿತು. ಕಲ್ಲಣ್ಣನ ದನಿ ಒಡೆಯಿತು. “ಪೂರ ಬಂದಾಗ ನಮ್ಮವ್ವ ಇದನ್ನ ಹಿಡಕೊಂಡ ಕುಂತಿದ್ಲರಿ. ನಾ ಜನಾ ಕರಕೊಂಡ ಬರೂದ್ರಾಗ ಮನಿನೂ ಇಲ್ಲ, ಅವ್ವನೂ ಇಲ್ಲ. ಹೆಣಾ ಸೈತ ಸಿಗಲಿಲ್ಲ. ಈ ಕಟ್ಟಿಗಿನರೆ ಒಯ್ದು ಮಣ್ಣ ಮಾಡ್ತೀನಿ.”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಕೊಟ್ಟಬಿಡೋ ಸಾತಲಿಂಗ,” ಎಂದ ಹಿರಿಯ ಪೀರಪ್ಪ. “ತಾಯಿ ಹೆಸರಿಲೆ ಕೇಳಾಕತ್ಯಾನ. ನಿನಗ ಬ್ಯಾರೆ ಕಟ್ಟಿಗಿ ಸಿಗಂಗಿಲ್ಲೇನು?”

ಸಾತಲಿಂಗಪ್ಪ ಕದಲಲಿಲ್ಲ. ಚೌಕಟ್ಟಿನ ಮರಕ್ಕೆ ಸೊಂಟದೆತ್ತರದಲ್ಲಿ ಏನೋ ಉಜ್ಜಿ ಉಜ್ಜಿ ಆಳವಾದ ಗೀರು ಬಿದ್ದಿತ್ತು. ಕಲ್ಲಣ್ಣನ ಏಟುಗಳೆಲ್ಲ ಅಲ್ಲಿಗೇ ಬೀಳುತ್ತಿದ್ದವು.

“ಒಂದ ಮಾತ ಕೇಳ್ತೀನಿ,” ಎಂದ ಸಾತಲಿಂಗಪ್ಪ. “ನಿಮ್ಮವ್ವ ಹೊಲಾ ಮಗಳ ಹೆಸರಿಗೆ ಮಾಡಾಕಿ ಇದ್ಲಂತ. ಖರೇ ಏನು?”

ಕೊಡಲಿ ಈ ಸಲ ಮರಕ್ಕೆ ಬೀಳಲಿಲ್ಲ. ಸಾತಲಿಂಗಪ್ಪನ ಹೆಗಲು ಸೀಳಿತು. ರಕ್ತ ಚಿಮ್ಮಿ ಹಸಿ ಗೋಡೆಗೆ ಹತ್ತಿತು. ಅವನು ಕುಸಿದ, ಕುಸಿದರೂ ಹೊಸ್ತಿಲಿಗೆ ಅಡ್ಡವಾಗಿಯೇ ಬಿದ್ದ. ಕಲ್ಲಣ್ಣ ಎದೆಗೆ ಒದ್ದ, ಮುಖಕ್ಕೆ ಒದ್ದ.

“ನಮ್ಮವ್ವನ ಮೈಮ್ಯಾಲಿನ ಬಂಗಾರ ತಿಂದಿ, ಸುಳ್ಳ ಮಗನ! ಒಳಗ ಬಚ್ಚಿಟ್ಟಿ, ಅದಕ್ಕ ಬಾಗಲಾ ಬಿಡವಲ್ಲಿ!”

ಓಣಿಗೂ ಅದೇ ಅನುಮಾನ ಬಂತು. ಯಾರೂ ಬಿಡಿಸಲು ಹೋಗಲಿಲ್ಲ.

ಒಳಗಿನ ಅಗಳಿ ಸರಿಯಿತು. ಸಾತಲಿಂಗಪ್ಪನ ಸೋದರತ್ತೆಯೆಂದು ಓಣಿ ತಿಳಿದಿದ್ದ ಮುದುಕಿ ಹೊರಬಂದಳು. ಕಲ್ಲಣ್ಣನ ಕೈಯಿಂದ ಕೊಡಲಿ ಜಾರಿತು.

ಅವಳು ಎರಡೂ ಕೈ ಮುಂದೆ ಚಾಚಿದಳು. ಮಣಿಕಟ್ಟುಗಳ ಸುತ್ತ ಹಗ್ಗದ ಕರಿ ಕಲೆ.

“ಚೌಕಟ್ಟಿಗಿ ನನ್ನ ಬಿಗದ ಕಟ್ಟಿ ಹೋಗೂಮುಂದ, ಗ್ವಾಡಿ ಮಣ್ಣಿಂದು, ಕರಗತೈತಿ ಅಂಬೂದ ಮರತಿದ್ದೆಲ್ಲೋ, ಮಗನ? ತೇಲಿಕೋತ ಬಂದ್ನಿ.”