ಇಲ್ಲೇ ಹೊಲಿದ ಅಂಗಿ

"ನನ್ನ ಕಣ್ಣೆದುರೇ ಒಂದು ಅಂಗಿ ಹೊಲಿದು ತೋರಿಸಿ," ಎಂದು ತನಿಖೆಗೆ ಬಂದ ಅಧಿಕಾರಿ ಕುರ್ಚಿ ಎಳೆದುಕೊಂಡಾಗ ಕಾರ್ಖಾನೆಯ ಯಜಮಾನ, ಹಿಂದೆ ಬಟ್ಟೆ ಹೊಲಿಯುತ್ತಿದ್ದ ತನ್ನ ಅಕ್ಕನತ್ತ ತಿರುಗಿದ. ಎರಡು ದೇಶಗಳ ನಡುವೆ ಸುಂಕವಿಲ್ಲದೆ ವ್ಯಾಪಾರ ನಡೆಯಲಿ, ಎರಡೂ ಕಡೆ ಒಲೆ ಉರಿಯಲಿ ಎಂದೇ ಒಪ್ಪಂದ ಆಗಿದ್ದು. ಆದರೆ ಅಂಗಿ ಮಾತ್ರ ಇಲ್ಲೇ ಹೊಲಿದದ್ದಾಗಿರಬೇಕು. ಇವನೋ, ಮೂರನೆಯ ದೇಶದಿಂದ ಅಗ್ಗದ ಅಂಗಿ ತರಿಸಿ, ಕತ್ತಿನ ಲೇಬಲ್ ಬದಲಿಸಿ ಕಳಿಸುತ್ತಿದ್ದ.

"ಅಕ್ಕಾ, ನೀನೇ ಕೂತ್ಕೋ. ನಮ್ಮೆಲ್ಲರ ಅನ್ನ ನಿನ್ನ ಕೈಲಿದೆ," ಎಂದು ಅಕ್ಕನ ಕಿವಿಯಲ್ಲಿ ಗೋಗರೆದ.

"ಹೆದರ್ಬೇಡ್ವೋ. ಕೈ ಕಲಿತದ್ದನ್ನ ಮರೆಯಲ್ಲ," ಎಂದಳು ಅವಳು.

ಮರೆತಿರಲಿಲ್ಲ. ಕಾಲರ್ ಚೆಂದವಾಗಿ ಕೂತಿತು, ತೋಳು ಕೂತಿತು. "ಭೇಷ್," ಎನ್ನುತ್ತ ಅಧಿಕಾರಿ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ತಮ್ಮನಿಗೆ ಹೋದ ಜೀವ ಬಂದಂತಾಯಿತು.

ಅಕ್ಕ ಕೊನೆಯ ದಾರ ಕಡಿದು, ಅಂಗಿಯನ್ನು ಒಮ್ಮೆ ಕೊಡವಿ, ಕತ್ತು ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡಳು. ದಿನಾ ಮಾಡಿ ಮಾಡಿ ರೂಢಿಯಾದ ಕೆಲಸ. ಅವಳ ಕತ್ತರಿ ಸೀದಾ ಕಾಲರಿನೊಳಗೆ ಹೋಗಿ, ಅಲ್ಲಿ ಇಲ್ಲದ ಪರದೇಶದ ಲೇಬಲನ್ನು ಬಿಚ್ಚಲು ತಡಕಾಡತೊಡಗಿತು. ತಮ್ಮ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿಯಾಗಿತ್ತು.